ಕಾರಿನಲ್ಲಿ ಕೂತು ಸಾಯುವ ಕೆಲಸ

ನಮ್ಮನೆಯವರಿಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಾನು ಮೊದಮೊದಲು "ಪೊಲೀಸ್ ಇಲಾಖೆಯಲ್ಲಿ" ಎಂದು ಸುಮ್ಮನಾಗುತ್ತಿದ್ದೆ. ಕೇಳಿದವರು ಸ್ವಲ್ಪ ನೆಟ್ಟಗೆ ನಿಂತು ಮಾತಾಡುತ್ತಿದ್ದರು. ಆಮೇಲೆ ನನ್ನ ತಂಗಿ ಬೀದಿಗೆಲ್ಲ ಡಂಗುರ ಸಾರಿಬಿಟ್ಟಳು: "ನಮ್ಮ ಭಾವನಿಗೆ ಸಾಯೋ ಕೆಲಸ ಕಣ್ರೀ. ದಿನಾ ಬೆಳಗ್ಗೆ ಡಬ್ಬಿ ಕಟ್ಟಿಸ್ಕೊಂಡು ಹೋಗಿ ಸತ್ತು, ಸಾಯಂಕಾಲ ವಾಪಸ್ ಬರ್ತಾರೆ." ಅವಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಆದರೆ ಅವಳು ಹೇಳಿದ್ದು ಸುಳ್ಳೇನಲ್ಲ.

ಪೊಲೀಸ್ ತರಬೇತಿ ಶಾಲೆಯ ಹಿಂದೆ ಡಾಂಬರು ಹಾಕಿದ ಒಂದು ಅಂಗಳವಿದೆ. ಅಲ್ಲಿ ಬಾಗಿಲು ನೆಗ್ಗಿದ ಹಳೇ ಕಾರೊಂದು ನಿಂತಿರುತ್ತದೆ. ಅದರ ಸ್ಟೇರಿಂಗ್ ಮುಂದೆ ನಮ್ಮನೆಯವರು. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ವಿಚಾರಿಸುವುದು ಹೇಗೆ ಎಂದು ಕಲಿಯಲು ಬಂದ ಹೊಸ ಪೇದೆಗಳು ಒಬ್ಬೊಬ್ಬರಾಗಿ ಕಿಟಕಿಯ ಹತ್ತಿರ ಬರುತ್ತಾರೆ. ಇವರು ಒಂದು ಸಲ ಕಿವಿ ಕೇಳದ ಮುದುಕ, ಇನ್ನೊಂದು ಸಲ ಕುಡುಕ, ಮತ್ತೊಂದು ಸಲ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ತೊದಲುವ ಮನುಷ್ಯ. ಪೇದೆಯ ಪಿಸ್ತೂಲಿನಿಂದ ಗುಂಡಿನ ಬದಲು ನೀಲಿ ಬಣ್ಣ ಹಾರುತ್ತದೆ. ಬಣ್ಣ ಬಿದ್ದರೆ ಇವರು ಸತ್ತ ಹಾಗೆ. ಪೇದೆ ತಪ್ಪು ಮಾಡಿದ ಹಾಗೆ.

ಬಟ್ಟೆ ಒಗೆಯುವವಳು ನಾನು. ಅಂಗಿ ನೋಡಿಯೇ ಆ ದಿನದ ಪಾಠ ಹೇಗೆ ನಡೆಯಿತು ಎಂದು ಹೇಳುತ್ತಿದ್ದೆ.

"ಇವತ್ತು ಯಾಕ್ರೀ ಸರಿಯಾಗಿ ಎದೆ ಮೇಲೇ ಬಿದ್ದಿದೆ?"

"ಕಿವುಡನ ಪಾಠ ಇತ್ತು. 'ಕೈ ಎತ್ತು' ಅಂತ ಕೂಗಿದ. ನಂಗೆ ಕೇಳಿಸಲ್ವಲ್ಲ! ಇಂಜಿನ್ ಆಫ್ ಮಾಡೋಣ ಅಂತ ಕೀಗೆ ಕೈ ಹಾಕ್ದೆ. ಹೊಡೆದ."

"ಆಮೇಲೆ?"

"ಆಮೇಲೇನು, ಸತ್ತೆ. ಕಾಫಿ ಕೊಡು."

ಈ ಕೆಲಸಕ್ಕೆ ಮುಂಚೆ ಅವರು ಬಿಸ್ಕತ್ತು ಕಂಪನಿಯ ವ್ಯಾನು ಓಡಿಸುತ್ತಿದ್ದರು. ಬಿಡುವಿದ್ದಾಗ ಹವ್ಯಾಸಿ ತಂಡದ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದರು. ಮೀಸೆ ದಪ್ಪ ಅಂತ ಅವರಿಗೆ ಯಾವಾಗಲೂ ಇನ್ಸ್‌ಪೆಕ್ಟರ್ ಪಾತ್ರವನ್ನೇ ಕೊಡುತ್ತಿದ್ದರು. ಕಂಪನಿ ಮುಚ್ಚಿತು, ವ್ಯಾನು ಹೋಯಿತು. ತರಬೇತಿ ಶಾಲೆಯವರು ಗಾಡಿ ಗೊತ್ತಿರುವ, ನಟನೆ ಬರುವ ಒಬ್ಬರನ್ನು ಹುಡುಕುತ್ತಿದ್ದರು. ಅಲ್ಲಿ ಪಾಠ ಹೇಳುವ ಮೇಡಂ ಇವರನ್ನು ಕೂರಿಸಿಕೊಂಡು ಹೇಳಿದರಂತೆ: "ತಪ್ಪು ಮಾಡೋದಾದ್ರೆ ಈ ಹುಡುಗರು ನಿಮ್ಮ ಮೇಲೆ ಮಾಡ್ಲಿ. ಬೀದೀಲಿ ಹೋಗೋ ಯಾರದೋ ಮನೆ ಯಜಮಾನನ ಮೇಲೆ ಬೇಡ." ಇವರು ಮನೆಗೆ ಬಂದು ಅದನ್ನೇ ನಾಟಕದ ಧ್ವನಿಯಲ್ಲಿ ನನಗೆ ಒಪ್ಪಿಸಿದರು. ಒಳ್ಳೆಯ ಕೆಲಸ ಅನ್ನಿಸಿತು. ನಾನೂ ಹೂಂ ಅಂದೆ.

ಮೊದಲು ನಗುತ್ತಿದ್ದವಳಿಗೆ ಹೆದರಿಕೆ ಯಾವಾಗ ಶುರುವಾಯಿತೋ ಗೊತ್ತಿಲ್ಲ. ಅಂಗಳದಲ್ಲಿ ನಡೆದಿದ್ದನ್ನೆಲ್ಲ ಅವರು ಊಟದ ಹೊತ್ತಿಗೆ ಹೇಳುತ್ತಿದ್ದರು. ಪರ್ಸು ತೆಗೆಯಲು ಹಿಂದಿನ ಜೇಬಿಗೆ ಕೈ ಹಾಕಿದ್ದಕ್ಕೆ ಸತ್ತೆ. ಸೀಟ್ ಬೆಲ್ಟ್ ಬಿಚ್ಚಿದ್ದಕ್ಕೆ ಸತ್ತೆ. ಒಬ್ಬ 'ಕೆಳಗಿಳಿ' ಅಂದ, ಇನ್ನೊಬ್ಬ 'ಅಲ್ಲಾಡಬೇಡ' ಅಂದ, ಯಾರ ಮಾತು ಕೇಳಲಿ ಅಂತ ಯೋಚಿಸುವಷ್ಟರಲ್ಲಿ ಸತ್ತೆ. ಒಬ್ಬಳು ಹುಡುಗಿಯಂತೂ ಶಾಕ್ ಕೊಡುವ ಗನ್ನು ತೆಗೆದೆ ಅಂದುಕೊಂಡು ಪಿಸ್ತೂಲನ್ನೇ ತೆಗೆದಿದ್ದಳಂತೆ. ಬಣ್ಣ ಹಾರಿದ ಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡು ಕುಸಿದು ಕೂತಳಂತೆ. ನಾನು ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದೆ. ಇದೆಲ್ಲ ನಾವು ದಿನಾ ಮಾಡುವುದೇ ಅಲ್ಲವೇ? ಪರ್ಸು ತೆಗೆಯದವರು, ಬೆಲ್ಟ್ ಬಿಚ್ಚದವರು ಯಾರಿದ್ದಾರೆ?

ಹೆದರಿಕೆ ಅವರಿಗೂ ಹತ್ತಿತು. ಆದರೆ ಅವರು ಅದನ್ನು ಹೆದರಿಕೆ ಅನ್ನುತ್ತಿರಲಿಲ್ಲ, ಶಿಸ್ತು ಅನ್ನುತ್ತಿದ್ದರು. ಎದುರಿಗೆ ಪೊಲೀಸ್ ಗಾಡಿ ಕಂಡರೆ ಸಾಕು, ಹತ್ತೂ ಬೆರಳು ಅಗಲಿಸಿ ಸ್ಟೇರಿಂಗ್ ಮೇಲೆ ಇಡುವರು. ಮನೆಯಲ್ಲೂ ಏನಾದರೂ ತೆಗೆದುಕೊಳ್ಳುವ ಮುಂಚೆ ಬಾಯಿಬಿಟ್ಟು ಹೇಳುವುದು ರೂಢಿಯಾಯಿತು. "ಈಗ ಉಪ್ಪಿನ ಡಬ್ಬಿ ತಗೋತಾ ಇದೀನಿ." ಮಗಳು ಎರಡೂ ಕೈ ಮೇಲೆತ್ತಿ "ತಗೊಳ್ಳಿ ಅಪ್ಪಾ, ನಿಧಾನಕ್ಕೆ" ಅನ್ನುತ್ತಿದ್ದಳು. ನಾನು ಇಬ್ಬರಿಗೂ ಬೈಯುತ್ತಿದ್ದೆ.

ಹೀಗಿರುವಾಗ ಯಾವುದೋ ಊರಿನಲ್ಲಿ ಗಾಡಿ ನಿಲ್ಲಿಸಿದ ಪೊಲೀಸಿನವನೊಬ್ಬನನ್ನು ಒಳಗೆ ಕೂತವನೇ ಕೊಂದುಹಾಕಿದ. ಮೇಲಿನವರಿಂದ ತರಬೇತಿ ಶಾಲೆಗೆ ಆಜ್ಞೆ ಬಂತು: ಇನ್ನು ಮುಂದೆ ಹುಡುಗರಿಗೆ ಎಚ್ಚರಿಕೆ ಕಲಿಸಿ. ಆಗ ಹುಟ್ಟಿದ್ದು ನಗುವವನ ಪಾಠ.

ಆ ಪಾತ್ರದಲ್ಲಿ ನಮ್ಮನೆಯವರನ್ನು ಮೀರಿಸುವವರಿಲ್ಲ ಅಂತ ಶಾಲೆಯಲ್ಲೆಲ್ಲ ಹೆಸರಾಯಿತು. ಪೇದೆ ಬಂದು ಬಗ್ಗುತ್ತಾನೆ. ಇವರು ಕಿಟಕಿ ಇಳಿಸಿ, ಮನೆಗೆ ಬಂದ ನೆಂಟನನ್ನು ಕಂಡ ಹಾಗೆ ಮುಖ ಅರಳಿಸಿ "ಬನ್ನಿ ಸಾರ್, ಏನಾಗಬೇಕಿತ್ತು?" ಅನ್ನುತ್ತಾರೆ. ಎರಡೂ ಕೈ ಸ್ಟೇರಿಂಗ್ ಮೇಲೆ. ಲೈಸೆನ್ಸ್ ಕೊಡುತ್ತಾರೆ, ಒಂದೆರಡು ತಮಾಷೆ ಮಾತಾಡುತ್ತಾರೆ. ಪೇದೆ ಸಡಿಲಾಗುತ್ತಾನೆ. ಆಗ ತೊಡೆಯ ಕೆಳಗಿಂದ ಪಿಸ್ತೂಲು ತೆಗೆದು ಅವನ ಕುತ್ತಿಗೆಗೆ ಕೆಂಪು ಬಣ್ಣ ಹೊಡೆಯುತ್ತಾರೆ. ದಿನವೂ ಅದೇ ಪಾಠ. ಮನೆಗೆ ಬರುವ ಅಂಗಿಗಳು ಸ್ವಚ್ಛವಾದವು. ಈಗ ಸಾಯುತ್ತಿದ್ದವರು ಹುಡುಗರು.

ಹುಡುಗರಿಗೆಲ್ಲ ಇವರು ಅಡ್ಡಹೆಸರು ಇಟ್ಟಿದ್ದರು. ಒಬ್ಬನ ಹೆಸರು ಒದ್ದೆಗೈ. ಅಂಗೈ ಅಷ್ಟು ಬೆವರುತ್ತಿತ್ತಂತೆ, ಪಿಸ್ತೂಲು ಜಾರಿ ಬೀಳುವಷ್ಟು. ನಗುವವನ ಪಾಠದಲ್ಲಿ ಅವನು ಪ್ರತಿ ಸಲವೂ ಸತ್ತ. ಎಲ್ಲರೂ ಒಂದೆರಡು ಸಲಕ್ಕೆ ಕಲಿತರೂ ಅವನು ಇವರ ನಗು ಕಂಡ ಕೂಡಲೇ ತಾನೂ ನಕ್ಕುಬಿಡುತ್ತಿದ್ದ. ಕೊನೆಗೆ ನೀರಿನ ಟ್ಯಾಂಕಿನ ಹಿಂದೆ ಹೋಗಿ ಅತ್ತನಂತೆ.

"ಪಾಪ, ಒಳ್ಳೆ ಮನಸ್ಸಿನ ಹುಡುಗ ಕಣ್ರೀ" ಅಂದೆ.

"ಒಳ್ಳೆ ಮನಸ್ಸು ಕಟ್ಕೊಂಡು ಬೀದಿಗೆ ಹೋದ್ರೆ ಹೆಣವಾಗಿ ಬರ್ತಾನೆ. ಈಗ ಕಲ್ತಿದಾನೆ ಬಿಡು. ನಿನ್ನೆ ನಾನು ಬಾಯಿ ತೆಗೆಯೋಕೆ ಮುಂಚೆ ಹೊಡೆದ. ಮೇಡಂ ಭೇಷ್ ಅಂದ್ರು."

ಇದಾಗಿ ಕೆಲವು ತಿಂಗಳ ಮೇಲೆ ನನಗೆ ಹಲ್ಲುನೋವು ಬಂತು. ದವಡೆ ಹಲ್ಲು. ಡಾಕ್ಟರು ಕಿತ್ತು ಹಾಕಿ, ಆ ಜಾಗಕ್ಕೆ ಹತ್ತಿ ತುರುಕಿ, "ಒಂದು ಗಂಟೆ ಬಾಯಿ ಬಿಡಬೇಡಿ" ಅಂದರು. ನಮ್ಮನೆಯವರು "ಡಾಕ್ಟ್ರೇ, ಎರಡು ಗಂಟೆ ಅಂತ ಹೇಳಿ" ಅಂದರು. ಹಾಗೆ ನಗುತ್ತಲೇ ಕಾರು ಹತ್ತಿದೆವು. ನಡು ಮಧ್ಯಾಹ್ನ. ನನ್ನ ಕೈಯಲ್ಲಿ ಕರವಸ್ತ್ರ, ಅದರ ತುಂಬ ರಕ್ತದ ಕಲೆ, ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತ್ತು.

ಹಿಂದೆ ಪೊಲೀಸ್ ಗಾಡಿಯ ದೀಪ ಮಿನುಗಿತು. ನಮ್ಮ ಕಾರಿನ ಬ್ರೇಕ್ ಲೈಟು ಉರಿಯುತ್ತಿರಲಿಲ್ಲವಂತೆ, ಅದು ಆಮೇಲೆ ಗೊತ್ತಾಯಿತು. ಇವರು ಕಾರನ್ನು ಪಕ್ಕಕ್ಕೆ ಹಾಕಿ ಇಂಜಿನ್ ನಿಲ್ಲಿಸಿದರು. ಕಿಟಕಿ ಇಳಿಸಿದರು. ಬೆರಳು ಅಗಲಿಸಿ ಸ್ಟೇರಿಂಗ್ ಮೇಲಿಟ್ಟರು. "ಏನೂ ಮುಟ್ಟಬೇಡ. ಕೈ ಮಡಿಲಲ್ಲೇ ಇರ್ಲಿ" ಅಂದರು. ಅವರ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ದಿನಾ ಸಾಯುವ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ನೋಡಿದ್ದು ಅವತ್ತೇ.

ಇಬ್ಬರು ಬಂದರು. ಹೊಟ್ಟೆ ಬಂದ ಹಿರಿಯ ಪೇದೆ ನನ್ನ ಕಡೆಯಿಂದ, ಎಳೆಯವನೊಬ್ಬ ಇವರ ಕಡೆಯಿಂದ. ಎಳೆಯವನು ಕಿಟಕಿಯ ಹತ್ತಿರ ಬಗ್ಗಿದ. ಇವರು ಅವನ ಮುಖ ನೋಡಿದರು. ಒದ್ದೆಗೈ!

ನಮ್ಮನೆಯವರ ಹೆಗಲು ಇಳಿಯಿತು. ಉಸಿರು ಹೊರಗೆ ಬಂತು. ತಮ್ಮ ಕೈಯಡಿಯಲ್ಲೇ ಕಲಿತ ಹುಡುಗ, ಇನ್ನೇನು ಭಯ ಅಂತ ಅವರಿಗೆ ಅನ್ನಿಸಿರಬೇಕು. ಮುಖ ಅರಳಿತು. ಬಾಯಿಗೆ ರೂಢಿಯಾದ ಮಾತು ತಾನಾಗಿ ಹೊರಬಿತ್ತು.

"ಬನ್ನಿ ಸಾರ್, ಏನಾಗಬೇಕಿತ್ತು?"

ಆ ಹುಡುಗನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ಪಿಸ್ತೂಲು ಯಾವಾಗ ಹೊರಗೆ ಬಂತೋ ನಾನು ನೋಡಲಿಲ್ಲ. ನೋಡಿದಾಗ ಅದು ನಮ್ಮನೆಯವರ ಹಣೆಯಿಂದ ಒಂದು ಮೊಳ ದೂರದಲ್ಲಿತ್ತು.

"ಕೈ! ಕೈ ತೋರ್ಸು!"

ಕೈ ಕಣ್ಣೆದುರಿಗೇ ಇತ್ತು. ಅವನಿಗೆ ಕಾಣಲಿಲ್ಲ.

"ತೊಡೆ ಕೆಳಗೇನಿದೆ? ತೊಡೆ ಕೆಳಗೇನಿಟ್ಟಿದೀಯ?"

"ಏನೂ ಇಲ್ಲಪ್ಪ. ಇದು ಅಂಗಳ ಅಲ್ಲ ಕಣಪ್ಪ" ಅಂದರು ಇವರು. ತಗ್ಗಿದ ದನಿಯಲ್ಲೇ ಅಂದರು. ಆ ತಗ್ಗಿದ ದನಿಯೂ ಪಾಠದ್ದೇ. ಹುಡುಗ ಇನ್ನಷ್ಟು ನಡುಗಿದ. ಅವನ ತೋರುಬೆರಳು ಪಿಸ್ತೂಲಿನ ಟ್ರಿಗರ್ ಮೇಲೇ ಇತ್ತು.

ಆಗ ಹಿರಿಯ ಪೇದೆ ನನ್ನನ್ನು ನೋಡಿದ. ಊದಿದ ಕೆನ್ನೆ, ತುಟಿಯ ಅಂಚಿನಲ್ಲಿ ರಕ್ತ. "ಅಯ್ಯೋ, ಹೆಂಗಸಿಗೆ ಹೊಡೆದಿದಾನೆ ಕಣೋ!" ಎಂದು ಕೂಗಿ, "ಏಯ್, ಬಾಗ್ಲು ತೆಗ್ದು ಕೆಳಗಿಳಿ!" ಅಂದ.

"ಅಲ್ಲಾಡಿದ್ರೆ ಹೊಡಿತೀನಿ!" ಅಂದ ಒದ್ದೆಗೈ.

ಒಬ್ಬ ಇಳಿ ಅನ್ನುತ್ತಾನೆ, ಒಬ್ಬ ಅಲ್ಲಾಡಬೇಡ ಅನ್ನುತ್ತಾನೆ. ಅನ್ನದ ತಟ್ಟೆಯ ಮುಂದೆ ಕೂತು ಕೇಳಿದ ಕಥೆ. ಈ ಕಥೆ ಹೇಗೆ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ನಮ್ಮನೆಯವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡರು. ನಾನು ಜನ್ಮವಿಡೀ ಎಡೆಬಿಡದೆ ಮಾತಾಡಿದವಳು, ಆಗ ಒಂದೇ ಒಂದು ಮಾತು ಬೇಕಾಗಿತ್ತು, ಹಲ್ಲು ಕೀಳಿಸಿದ್ದು ಅಂತ. ಹತ್ತಿ ತುಂಬಿದ ಬಾಯಿಂದ 'ಹ್ಞಂ ಹ್ಞಂ' ಎಂಬ ಶಬ್ದವಷ್ಟೇ ಹೊರಟಿತು, ಅದರ ಜೊತೆ ಗದ್ದದ ಮೇಲೆ ಇನ್ನಷ್ಟು ರಕ್ತ. ಹತ್ತಿ ತೆಗೆಯೋಣ ಎಂದರೆ ಕೈ ಎತ್ತಬೇಕು. ಕೈ ಎತ್ತಿದರೆ ಅವರು ಸಾಯುತ್ತಾರೆ. ನಾನು ಹಾಗೇ ಕೂತೆ. ಅಷ್ಟು ಹೆದರಿಕೆಯನ್ನು ನಾನು ಹೆರಿಗೆಯಲ್ಲೂ ಕಂಡವಳಲ್ಲ.

ಹಿರಿಯ ಪೇದೆಗೆ ಏನು ಹೊಳೆಯಿತೋ, ದೇವರೇ ಬಲ್ಲ. ಕಾರಿನ ಹಿಂದಿನಿಂದ ಸುತ್ತಿ ಬಂದು ಹುಡುಗನ ಬೆನ್ನಿಗೆ ನಿಂತ. ಕೂಗುವುದನ್ನು ನಿಲ್ಲಿಸಿದ್ದ.

"ನಾನು ಸುಮ್ನಾದೆ ನೋಡು. ನೀನೂ ಸುಮ್ನಾಗು. ಬೆರಳು ಹೊರಗೆ ತೆಗಿ" ಅಂದ. ಅಂಗಡಿಯಲ್ಲಿ ಸಾಮಾನು ಕೇಳುವ ದನಿ. "ಈಗ ನನ್ನ ಜೊತೆ ಹಿಂದೆ ಬಾ. ಒಂದೇ ಹೆಜ್ಜೆ. ಹಾಂ. ಇನ್ನೊಂದು."

ಹುಡುಗನ ಬೆಲ್ಟನ್ನು ಹಿಂದಿನಿಂದ ಹಿಡಿದುಕೊಂಡು, ಮಗುವನ್ನು ಬಾವಿಯ ಕಟ್ಟೆಯಿಂದ ಎಳೆಯುವ ಹಾಗೆ, ಮೆಲ್ಲಮೆಲ್ಲಗೆ ತಮ್ಮ ಗಾಡಿಯ ಮರೆಗೆ ಎಳೆದುಕೊಂಡ. ಅಲ್ಲಿಂದ ಅವನೊಬ್ಬನೇ ಮಾತಾಡಿದ.

"ಅಣ್ಣಾ, ನೀವು ಹೇಗಿದೀರೋ ಹಾಗೇ ಇರಿ. ನಮಗೇನೂ ಅವಸರ ಇಲ್ಲ."

ನಮಗೇನೂ ಅವಸರ ಇಲ್ಲ. ಮದುವೆಯಾದಾಗಿನಿಂದ ನಮ್ಮನೆಯವರು ಆಡಿದ ಯಾವ ಪ್ರೀತಿಯ ಮಾತೂ ನನಗೆ ಅಷ್ಟು ಹಿತವಾಗಿ ಕೇಳಿಸಿಲ್ಲ.

"ಅಮ್ಮಾ, ಬಾಯಿಗೇನಾಯ್ತು? ನಿಧಾನಕ್ಕೆ ಕೈಸನ್ನೆ ಮಾಡಿ ತೋರ್ಸಿ, ಪರವಾಗಿಲ್ಲ."

ನಾನು ಇಂಚಿಂಚಾಗಿ ತಿರುಗಿ, ಹಿಂದಿನ ಗಾಜಿನಲ್ಲಿ ಕಾಣುವಂತೆ, ದವಡೆಯಿಂದ ಹಲ್ಲು ಕಿತ್ತ ಹಾಗೆ ಅಭಿನಯಿಸಿದೆ.

"ಹಲ್ಲು ಕೀಳ್ಸಿದ್ರಾ?"

ತಲೆ ಆಡಿಸಿದೆ. ಕಣ್ಣೀರು ಕಿತ್ತುಕೊಂಡು ಬಂತು. ಆಮೇಲಿನದೆಲ್ಲ ಸುಲಭವಾಗಿ ಮುಗಿಯಿತು. ಹಿರಿಯ ಪೇದೆ ಲೈಸೆನ್ಸ್ ನೋಡಿದ, ಬ್ರೇಕ್ ಲೈಟು ಹಾಕಿಸಿಕೊಳ್ಳಿ ಅಂದ, ಹೋಗಿಬನ್ನಿ ಅಂದ. ಒದ್ದೆಗೈ ತಮ್ಮ ಗಾಡಿಯ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ನಮ್ಮನೆಯವರು ಕೀ ತಿರುಗಿಸಲು ಹೋದರು, ಆಗಲಿಲ್ಲ. ಅವರ ಪ್ಯಾಂಟು ಒದ್ದೆಯಾಗಿತ್ತು. ನಾನು ನೋಡದವಳ ಹಾಗೆ ಕಿಟಕಿಯ ಕಡೆ ತಿರುಗಿದೆ.

ಮಾರನೆಯ ದಿನ ಅವರು ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಕನ್ನಡಿಯ ಮುಂದೆ ನಿಂತು ನಗುವುದು, ನಿಲ್ಲಿಸುವುದು, ಮತ್ತೆ ನಗುವುದು. ನನಗೆ ಜೀವ ಬಾಯಿಗೆ ಬಂತು, ಎಲ್ಲಿ ತಲೆ ಕೆಟ್ಟಿತೋ ಅಂತ.

"ಅವನು ಹೆದರಿದ್ದು ನನ್ನ ಮುಖ ನೋಡಿ ಕಣೇ" ಅಂದರು. "ಕೈ ನೋಡಿ ಅಲ್ಲ. ಕಿಟಕಿ ಇಳಿಸಿ ನಕ್ಕವನು ಕೊಲ್ತಾನೆ ಅಂತ ಅವನಿಗೆ ಕಲಿಸ್ದೋನು ನಾನೇ."

ಮೇಡಂ ಫೋನ್ ಮಾಡಿದಾಗಲೂ ಅದನ್ನೇ ಹೇಳಿದರು. "ಮೇಡಂ, ಇಷ್ಟು ವರ್ಷದಲ್ಲಿ ನಾನು ಒಂದು ಸಲವಾದ್ರೂ ಲೈಸೆನ್ಸ್ ತೋರಿಸಿ ಸುಮ್ನೆ ಮನೆಗೆ ಹೋಗೋನ ಪಾರ್ಟು ಮಾಡಿದೀನಾ? ರಸ್ತೇಲಿ ಹೋಗೋರು ಹೆಚ್ಚುಕಮ್ಮಿ ಎಲ್ಲ ಅಂಥೋರೇ ಅಲ್ವಾ?" ಮೇಡಂ, "ಅದರಲ್ಲಿ ಕಲಿಸೋಕೆ ಏನಿದೆ ಅಂತ ಮೇಲಿನವರು ಕೇಳ್ತಾರೆ" ಅಂದರಂತೆ.

ಅದೇ ವಾರ ಒಂದು ಬೆಳಗ್ಗೆ ನಾನು ಕಸ ಗುಡಿಸುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ನಮ್ಮನೆಯವರು ಬನಿಯನ್ನಿನಲ್ಲೇ ಹೋಗಿ ತೆಗೆದರು. ಹೊಸಿಲಿನಾಚೆ ಒದ್ದೆಗೈ. ಸಾದಾ ಅಂಗಿ, ಕೈಯಲ್ಲಿ ಕಿತ್ತಳೆಯ ಚೀಲ. ಕ್ಷಮೆ ಕೇಳಲು ಬಂದಿದ್ದ.

ಇವರ ಮುಖ ಕಂಡ ಕ್ಷಣ ಅವನ ಬಲಗೈ ಚೀಲ ಬಿಟ್ಟು ಸೊಂಟಕ್ಕೆ ಹೋಯಿತು. ಸೊಂಟದಲ್ಲಿ ಬೆಲ್ಟೂ ಇರಲಿಲ್ಲ, ಪಿಸ್ತೂಲೂ ಇರಲಿಲ್ಲ. ಹಣ್ಣುಗಳು ಮೆಟ್ಟಿಲಿನ ಮೇಲೆ ಉರುಳಿದವು. ನಮ್ಮನೆಯವರು ತಮ್ಮ ಮನೆಯ ಬಾಗಿಲಲ್ಲೇ ಎರಡೂ ಕೈ ಮೇಲೆತ್ತಿ ನಿಂತಿದ್ದರು.

"ಇಬ್ರೂ ಕೈ ಇಳಿಸ್ತೀರೋ ಇಲ್ವೋ!" ಅಂತ ನಾನು ಪೊರಕೆ ಹಿಡಿದೇ ಗದರಿದೆ. "ಒಳಗೆ ಬಾಪ್ಪಾ. ಕೂತ್ಕೋ."

ಹುಡುಗ ಒಳಗೆ ಬಂದು ಸ್ಟೂಲಿನ ತುದಿಯಲ್ಲಿ ಕೂತ. ಕೈಗಳನ್ನು ಮಂಡಿಗಳ ನಡುವೆ ಒತ್ತಿ ಹಿಡಿದುಕೊಂಡಿದ್ದ. ನಮ್ಮನೆಯವರ ಮುಖದ ಕಡೆ ನೋಡಲೇ ಇಲ್ಲ, ನೆಲ ನೋಡುತ್ತಾ ಮಾತಾಡಿದ.

"ನಿಮ್ಮೊಬ್ರನ್ನ ಕಂಡ್ರೆ ಮಾತ್ರ ಅಲ್ಲ ಸಾರ್. ಯಾರಾದ್ರೂ ಕಿಟಕಿ ಇಳಿಸಿ ನಕ್ಕರೆ ಸಾಕು, ಕೈ ತಾನಾಗೇ ಹೋಗುತ್ತೆ. ಮೊನ್ನೆ ಒಂದು ಹುಡುಗಿ ನಕ್ಕಳು. ಕಾಲೇಜು ಹುಡುಗಿ, ಪಕ್ಕದಲ್ಲಿ ಪುಸ್ತಕ ಇತ್ತು."

"ಏನ್ಮಾಡ್ದೆ?" ನಮ್ಮನೆಯವರು ಕೇಳಿದರು.

"ಏನೂ ಆಗ್ಲಿಲ್ಲ ಸಾರ್. ಪಿಸ್ತೂಲಿನ ಚೀಲದ ಗುಂಡಿ ಬಿಚ್ಚಿತ್ತು, ಅಷ್ಟೇ. ಬಿಚ್ಚಿದ್ದು ನಂಗೆ ಗೊತ್ತೇ ಆಗಿರ್ಲಿಲ್ಲ."

ನಮ್ಮ ಮಗಳು ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ನೋಡಿ ನಗುವವಳು. ಹೋದ ತಿಂಗಳಷ್ಟೇ ಲೈಸೆನ್ಸ್ ಮಾಡಿಸಿಕೊಂಡಿದ್ದಾಳೆ.

"ಸ್ಟೇಷನ್ನಲ್ಲಿ ಹೇಳಿದ್ಯೇನಪ್ಪಾ?" ಅಂದೆ.

"ಹೇಳಿದ್ರೆ ಪುಕ್ಕಲ ಅಂತಾರೆ ಅಮ್ಮಾ."

"ಮತ್ತೆ ರಸ್ತೆ ಡ್ಯೂಟಿ ಯಾವಾಗ?"

"ಮಧ್ಯಾಹ್ನ."

"ಯಾವತ್ತು?"

"ಇವತ್ತೇ."

ನಮ್ಮನೆಯವರು ಎದ್ದರು. ಅಂಗಿ ಹಾಕಿಕೊಂಡು ಕಾರಿನ ಕೀ ತೆಗೆದುಕೊಂಡರು. "ನಡಿ, ಮೇಡಂ ಹತ್ರ ಹೋಗೋಣ. ಈ ಕೈ ಸರಿ ಹೋಗೋವರೆಗೂ ನೀನು ರಸ್ತೆಗೆ ಇಳಿಯೋ ಹಾಗಿಲ್ಲ. ನಾನೇ ಹೇಳ್ತೀನಿ. ತಪ್ಪು ನಂದು ಅಂತಾನೂ ಹೇಳ್ತೀನಿ."

"ನಾನೂ ಬರ್ತೀನಿ" ಅಂದೆ. ಅವರಿಬ್ಬರನ್ನೇ ಒಂದು ಕಾರಿನಲ್ಲಿ ಕಳಿಸುವ ಧೈರ್ಯ ನನಗಿರಲಿಲ್ಲ.

ಹುಡುಗ ಮುಂದಿನ ಬಾಗಿಲ ಹತ್ತಿರ ನಿಂತು ಹಿಂಜರಿದ. "ನಾನು ಹಿಂದೆ ಕೂತ್ಕೋತೀನಿ ಸಾರ್, ನಿಮ್ಮ ಸೀಟಿನ ಹಿಂದೆ. ನಿಮ್ಮ ಮುಖ ಕಾಣದ ಹಾಗೆ."

ನಮ್ಮನೆಯವರು ಒಳಗಿನ ಕನ್ನಡಿಯನ್ನೂ ಮೇಲಕ್ಕೆ ತಿರುಗಿಸಿಬಿಟ್ಟು ಗಾಡಿ ಎತ್ತಿದರು. ನಾನು ಮುಂದೆ ಕೂತೆ, ಆದರೆ ದಾರಿಯುದ್ದಕ್ಕೂ ಹಿಂದೆ ತಿರುಗಿ ಅವನ ಕೈಗಳನ್ನೇ ನೋಡುತ್ತಿದ್ದೆ. ಒಳ್ಳೆಯ ಹುಡುಗ ಅಂತ ಗೊತ್ತಿತ್ತು. ಸೊಂಟದಲ್ಲಿ ಏನೂ ಇಲ್ಲ ಅಂತಲೂ ಗೊತ್ತಿತ್ತು. ಅರ್ಧ ದಾರಿಯಲ್ಲಿ ಅವನು ಕಣ್ಣೊರೆಸಿಕೊಳ್ಳಲು ಕೈ ಎತ್ತಿದ. ನಾನು ಕಿರುಚಿಬಿಟ್ಟೆ.